ಹದಿನೇಳನೆಯ ಪುಟ

ಹೆಸರಲ್ಲೇ ಶಾಯಿ ಇಟ್ಟುಕೊಂಡು ಹುಟ್ಟಿದವಳು ಶಾಯಿಸ್ತಾ.
ಅವಳಪ್ಪ ಶಿವಾಜಿನಗರದಲ್ಲಿ ಆಟೋಗಳ ಬೆನ್ನಿಗೆ
ಹುಲಿ, ಗುಲಾಬಿ, ತಾಯಿಯ ಆಶೀರ್ವಾದ ಬರೆದವನು.
ನಾನು ಬೆಸ್ಕಾಂ ಮೀಟರು ಓದುವವನು:
ಗೇಟು, ನಾಯಿ, ಅಂಕಿ, ಮತ್ತೆ ಗೇಟು.
ಬಿಲ್ಲಿನ ಸುರುಳಿಯ ಹಿಂಬದಿಗೆ ಕಥೆ ಗೀಚಿ
ಭಾನುವಾರ ರಸೆಲ್ ಮಾರ್ಕೆಟ್ಟಿನ ಹಿಂದೆ ಚಹಾದಂಗಡಿಗೆ ಒಯ್ಯುತ್ತೇನೆ.

ಜಪಾನಿನವರ ಹಾಗೆ ಕಪ್ಪುಬಿಳುಪಲ್ಲಿ ಮಾಡೋಣ, ಅಂದಳು.
ಮಾಂಗಾ, ಅಂದಳು. ಮಂಗ ಅಂತ ಕೇಳಿಸಿಕೊಂಡೆ.
ಅಲ್ಲಿ ಪುಟ ಬಲದಿಂದ ಎಡಕ್ಕೆ ನಡೆಯುತ್ತದಂತೆ.
ಉರ್ದು ಓದಿ ಬೆಳೆದವಳಿಗೆ ಅದು ಮನೆಯ ದಾರಿ;
ನನಗೆ ಒನ್‌ವೇಯಲ್ಲಿ ಎದುರು ನುಗ್ಗಿದಂತೆ.

ಕಥೆ ಇಷ್ಟು: ಮೆಜೆಸ್ಟಿಕ್ಕಿನ ಒಂದು ಟಾಕೀಸು ಮುಚ್ಚಿದೆ.
ಮರುದಿನವೂ ಡ್ಯೂಟಿಗೆ ಬಂದುಬಿಡುತ್ತಾನೆ
ಪ್ರೊಜೆಕ್ಟರಿನ ಮುನಿಶಾಮಪ್ಪ.
ಹದಿನೇಳನೆಯ ಪುಟದಲ್ಲಿ ಅವನು ಖಾಲಿ ಹಾಲಿನಲ್ಲಿ ಕೂರಬೇಕು.
ಹನ್ನೆರಡು ಸಾಲು ಬರೆದಿದ್ದೆ. ಒಳ್ಳೆಯ ಸಾಲು.
ಒಂದರಲ್ಲಿ ಸಮುದ್ರವೂ ಇತ್ತು.

ಓದಿದಳು. ಬಿಸಿ ಲೋಟ ಅದರ ಮೇಲೇ ಇಟ್ಟಳು,
ಬಿಲ್ಲಿನ ಕಾಗದ ದುಂಡಗೆ ಕಪ್ಪಾಯಿತು.
"ಇಷ್ಟು ಮಾತು ಎಲ್ಲಿ ಕೂರಿಸಲಿ?
ನಿನ್ನ ಒತ್ತಕ್ಷರಕ್ಕೇ ಗುಳ್ಳೆಯ ಹೊಟ್ಟೆ ಒಡೆಯುತ್ತೆ.
ಕುರ್ಚಿ ಬರೀತೀನಿ. ಮುನ್ನೂರು. ಒಂದರಲ್ಲಿ ಅವನು. ಸಾಕು."

ಎರಡು ಭಾನುವಾರ ನಾನು ಹೋಗಲಿಲ್ಲ.

ಮೂರನೆಯದಕ್ಕೆ ಪುಟ ಮುಗಿಸಿಕೊಂಡು ಕೂತಿದ್ದಳು.
ನಿಬ್ಬು ಹಿಡಿದು ಹಿಡಿದು ಬೆರಳ ಗೆಣ್ಣು ಊದಿತ್ತು.
ಹಿಂದಿನ ಸಾಲಿನಿಂದ ಕತ್ತಲು
ಒಂದೊಂದೇ ಕುರ್ಚಿ ದಾಟಿ ಮುಂದೆ ಬರುತ್ತಿತ್ತು.
ಅವನ ಕಾಲ ಬಳಿ ಒಂದಿಷ್ಟು ಬಿಳಿ.
"ಇದು ನಿಂದು" ಅಂದಳು. "ಮೌನಕ್ಕೂ ಅವರ ಹತ್ತಿರ ಒಂದು ಸದ್ದಿದೆ,
ಚಿತ್ರದೊಳಗೇ ಹಾಕ್ತಾರೆ. ನಮ್ಮಲ್ಲಿ?"

ದಬದಬ ಇದೆ, ಚಟಪಟ, ಗುಡುಗುಡು, ಸರಸರ.
ಮಳೆಗೆ ನೂರು, ಬಳೆಗೆ ಹತ್ತು. ಸುಮ್ಮನಿರುವುದಕ್ಕೆ?
ವಾರವಿಡೀ ಮೀಟರು ಪೆಟ್ಟಿಗೆಗಳಿಗೆ ಕಿವಿಗೊಟ್ಟೆ,
ಅವೂ ಗುಂಯ್ ಅನ್ನುತ್ತಿದ್ದವು.

ಶ್ರೀರಾಮಪುರದ ವಠಾರ. ಶಾಲೆ ತೆರೆದ ಮರುದಿನ.
ಮೆಟ್ಟಿಲ ಮೇಲೆ ಅಕ್ಕಿ ಆರಿಸುತ್ತಿದ್ದ ಅಜ್ಜಿ ತಲೆಯೆತ್ತದೆ ಅಂದಳು:
"ಮಕ್ಕಳಿಲ್ಲ ನೋಡಪ್ಪ, ಬಿಕೋ ಅಂತಿದೆ."

ರೀಡಿಂಗು ತಪ್ಪು ಬರೆದುಕೊಂಡೆ.
ಅಲ್ಲೇ ನಿಂತು ಫೋನು ಮಾಡಿದೆ. "ಬಿಕೋ."
ಆ ತುದಿಯಲ್ಲಿ ಏನೋ ಗೀಚುತ್ತಿದ್ದ ಸದ್ದು ನಿಂತಿತು.
"ಕೋ ಎಷ್ಟುದ್ದ?"
"ಕೊನೆಯ ಕುರ್ಚಿವರೆಗೆ."

ಎಳೆದಿದ್ದಾಳೆ. ಕುರ್ಚಿಗಳ ಬೆನ್ನ ಮೇಲೆ ಹಾದು,
ಹರಿದ ಪರದೆ ಹತ್ತಿ, ಚೌಕಟ್ಟಿನಾಚೆಗೂ ಒಂದಿಷ್ಟು.
ಪುಟ ಯಾವ ಕಡೆಗೆ ತಿರುಗಬೇಕೆಂಬ ಜಗಳ ಇನ್ನೂ ಮುಗಿದಿಲ್ಲ.
ಸಮುದ್ರದ ಸಾಲು ನನ್ನ ಜೇಬಿನಲ್ಲೇ ಇದೆ,
ಬೇರೆ ಪುಟಕ್ಕೆ ಬೇಕಾದೀತು.

ಚಾಮರಾಜಪೇಟೆಯ ಪ್ರೆಸ್ಸಿನವರು ರಶೀದಿ ಪುಸ್ತಕ ತೆರೆದು
ಕನ್ನಡಕದ ಮೇಲಿಂದ ಕೇಳಿದರು:
"ಇದನ್ನ ಬರೆದವರು ಯಾರು?"

ಕಥೆಯನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ ನಾವು.
"ನಾನು" ಅಂದೆವು, ಇಬ್ಬರೂ, ಒಂದೇ ಸಲಕ್ಕೆ.
ಅವರ ಪೆನ್ನು ಇನ್ನೂ ಕಾಗದ ಮುಟ್ಟಿರಲಿಲ್ಲ.