ಒಂದೂವರೆ ಚಮಚ

ಎಲ್ಲ ಲೆಕ್ಕ ಮುಗಿದ ಮೇಲೆ ಉಳಿದದ್ದು
ಒಂದೂವರೆ ಚಮಚ ಖಾಲಿ ಜಾಗ.
ಅಷ್ಟು ತೆಗೆದರೆ ಕಂಪ್ರೆಷನ್ ಏರುತ್ತದೆ ಎಂದೆ.
‘ಬರೀ ಗಾಳಿ ತೆಗೆಯೋಕೆ ಇಷ್ಟು ದುಡ್ಡೇನಯ್ಯ?’ ಅಂದರು
ಡ್ರಾಯಿಂಗ್ ಮೇಷ್ಟ್ರು ಪುಟ್ಟಮಾದಯ್ಯ.

ಎಂಬತ್ತೆರಡರ ಪದ್ಮಿನಿ.
ಮೇಲುಕೋಟೆ ಏರಿನಲ್ಲಿ ಎರಡನೇ ಗೇರಿಗೂ ಕೆಮ್ಮುವಾಗ
ಹಿಂದಿದ್ದ ಟ್ರ್ಯಾಕ್ಟರು ಹಾರನ್ ಹೊಡೆದು
ದಾಟಿಕೊಂಡು ಹೋಯಿತಂತೆ,
ಟ್ರೈಲರಿನಲ್ಲಿ ಕೂತವರು ಕೈ ಬೀಸಿದರಂತೆ.
ಆ ಕೈ ಮೇಷ್ಟ್ರಿಗೆ ಇನ್ನೂ ಅರಗಿಲ್ಲ.

ಗುತ್ತಲು ರಸ್ತೆಯ ನನ್ನ ಶೆಡ್ಡಿನಲ್ಲಿ
ಹೆಡ್ಡು ಬಿಚ್ಚಿ, ಮಗುಚಿ, ಗಾಜು ಮುಚ್ಚಿ,
ದನದ ಡಾಕ್ಟರ ಸಿರಿಂಜಿನಲ್ಲಿ ಸೀಮೆಎಣ್ಣೆ ಬಿಟ್ಟು ಅಳೆದೆ.
ಹಳೇ ಪಿಸ್ಟನ್ನಿನ ನೆತ್ತಿ ಹಳ್ಳ.
ಹೊಸದು ಸಪಾಟು,
ತೊಳೆದು ಬೋರಲು ಹಾಕಿದ ಲೋಟದ ತಳ.

ಆಗಿನ ಪೆಟ್ರೋಲು ಜಾಸ್ತಿ ಅದುಮಿದರೆ
ಕಿಡಿಗೆ ಕಾಯದೆ ತಾನೇ ಹೊತ್ತಿಕೊಂಡು
ಒಳಗೆ ಕಲ್ಲು ಕುಟ್ಟುತ್ತಿತ್ತು.
ಈಗ ನಮ್ಮ ಕಬ್ಬೇ ಸಾರಾಯಿಯಾಗಿ ಬಂಕಿಗೆ ಹೋಗುತ್ತದೆ.
ರಬ್ಬರು ತಿನ್ನುತ್ತದೆ, ಪೈಪು ಬದಲಿಸಬೇಕು,
ಆದರೂ ಅದುಮಿದರೆ ತಡೆದುಕೊಳ್ಳುತ್ತದೆ.
ಮಂಡ್ಯದವರ ಹಾಗೆ ಎನ್ನಬಹುದಿತ್ತು.
ಎನ್ನಲಿಲ್ಲ. ನಾವೆಲ್ಲಿ ತಡೆದುಕೊಳ್ಳುತ್ತೇವೆ?

ಹಳೆಯವನ್ನು ತಿರುಗಿಸಿದರೆ ಒಳಮೈಯಲ್ಲಿ
ಮೂರು ಚುಕ್ಕೆ, ಪಂಚಿನ ಗುರುತು.
ಬಾಬ್ಜಾನ್ ಉಸ್ತಾದರ ಕೈ.
ನಾಲ್ಕರಲ್ಲೂ ಅರದ ಗೀರು, ಒಂದೊಂದಕ್ಕೆ ಒಂದೊಂದು ಆಳ:
ತೂಕ ಸರಿಮಾಡಿದ್ದಾರೆ,
ಯಾರೂ ನೋಡದ ಕಡೆ, ಯಾರೂ ಕೇಳದೆ.
ನಾನಾಗ ಹದಿಮೂರರ ಹುಡುಗ, ಪ್ಲಗ್ಗು ಉಜ್ಜುತ್ತಿದ್ದೆ.
ಈ ಗಾಡಿಯದನ್ನೂ ಉಜ್ಜಿರಬೇಕು.
ನೆನಪಿಲ್ಲ. ಸುಳ್ಳೇಕೆ ಹೇಳಲಿ.

ಹೊಸ ನಾಲ್ಕನ್ನು ಟವೆಲಿನಲ್ಲಿ ಸುತ್ತಿ
ಪೇಟೆಬೀದಿಯ ಚಿನ್ನದಂಗಡಿಗೆ ಹೋದೆ.
‘ಯಾರ ಮನೆ ಮದುವೆ ಒಡವೆನಪ್ಪ?’ ಎಂದು ನಕ್ಕರೂ
ಮೌನೇಶಾಚಾರಿ ಫ್ಯಾನು ನಿಲ್ಲಿಸಿ
ಉಸಿರು ಬಿಗಿಹಿಡಿದು ಒಂದೊಂದೇ ತೂಗಿದರು.
ಮೂರನೆಯದು ಎರಡು ಗ್ರಾಮು ಜಾಸ್ತಿ.
‘ಬಂಗಾರವಾಗಿದ್ದರೆ ಜಗಳ ಆಗ್ತಿತ್ತು.’
ಇಲ್ಲೂ ಆಗ್ತದೆ ಆಚಾರ್ರೆ,
ನಿಮಿಷಕ್ಕೆ ನಾಲ್ಕು ಸಾವಿರ ಸಲ.

ರಾತ್ರಿ ಅರ ಹಿಡಿದು ಕೂತೆ.
ಬೆಳ್ಳಿಪುಡಿ ತೊಡೆಯ ಮೇಲೆ ಉದುರಿತು.
ಪಂಚಿನಲ್ಲಿ ಮೂರು ಚುಕ್ಕೆ ಹೊಡೆದೆ.
ನನ್ನದೂ ಒಂದಿರಲಿ ಎಂದು ನಾಲ್ಕನೆಯದಕ್ಕೆ ಸುತ್ತಿಗೆ ಎತ್ತಿ
ಇಳಿಸಿಬಿಟ್ಟೆ, ಪಕ್ಕದ ಬೆಂಚಿನ ಮೇಲೆ.

ಇನ್ನೊಂದು ಭಯವಿತ್ತು: ಇಳಿಯುವ ವಾಲ್ವು
ಹೊಸ ನೆತ್ತಿಗೆ ತಾಗಿದರೆ?
ಜೇಡಿಮಣ್ಣು ಇಟ್ಟು ನೋಡಬೇಕು. ಇರಲಿಲ್ಲ.
ಊಟದ ಡಬ್ಬಿಯಲ್ಲಿ ಮುದ್ದೆ ಇತ್ತು.
ನಿಂಬೆಹಣ್ಣಿನಷ್ಟು ಮುರಿದು, ಎಣ್ಣೆ ಸವರಿ, ಮೆತ್ತಿ,
ಹೆಡ್ಡು ಕೂರಿಸಿ, ಬಿಗಿದು, ಕೈಯಲ್ಲಿ ಎರಡು ಸುತ್ತು.
ಬಿಚ್ಚಿದರೆ ರಾಗಿಯ ಮೇಲೆ
ಅಕ್ಕಪಕ್ಕ ಎರಡು ಅರೆಚಂದ್ರ.
ಬ್ಲೇಡಿನಲ್ಲಿ ಕುಯ್ದು ಅಳೆದೆ.
ತೆಳುವಾದ ಕಡೆ ಎರಡು ಮಿಲಿಮೀಟರು. ಸಾಕು.
‘ಮಿಕ್ಕಿದ್ದು ತಿಂತೀಯಾಣ್ಣ?’ ಅಂದ ಹುಡುಗ ಕೆಂಪರಾಜ.
ತಿಂದೆ. ಉಪ್ಸಾರು ಆರಿಹೋಗಿತ್ತು.

ಮೇಷ್ಟ್ರನ್ನು ಕರೆಸಿ, ಕೀ ತೆಗೆದಿಟ್ಟುಕೊಂಡು
ಹ್ಯಾಂಡಲ್ಲು ಕೈಗೆ ಕೊಟ್ಟೆ, ಸುಮ್ಮನೆ ತಿರುಗಿಸಿ ನೋಡಿ ಎಂದು.
ಮೊದಲೆಲ್ಲ ಒಂದೇ ಕೈಯಲ್ಲಿ ತಿರುಗಿಸುತ್ತಿದ್ದರು,
ಬಾವಿಯ ಖಾಲಿ ರಾಟೆಯ ಹಾಗೆ.
ಈಗ ಅರ್ಧಕ್ಕೆ ಬಂದು ನಿಂತಿತು.
ಚಪ್ಪಲಿ ಬಿಟ್ಟರು. ಎರಡೂ ಕೈ ಹಾಕಿದರು.
ಒಳಗಿಂದ ಬಾಗಿಲಿಗೆ ಭುಜ ಕೊಟ್ಟು
ಯಾರೋ ನಿಂತ ಹಾಗೆ.

‘ಯಾರಪ್ಪ ಇರೋದು ಒಳಗೆ?’
ಎಂದರು ಮೇಷ್ಟ್ರು, ಬೆವರುತ್ತ,
ಹಿಡಿ ಬಿಡದೆ.