ಬಲಗೈ ಹೆಬ್ಬೆರಳು

ಸ್ಲೈಡು ಎಂಟುನೂರಾ ಹನ್ನೊಂದು.
ಬಾಳವ್ವ ನಾವಲಗಟ್ಟಿ, ಅರವತ್ತೆರಡು, ಹುದಲಿ.
ಹೆಬ್ಬೆರಳ ಬಾವು, ನಡುವೆ ಹೊಕ್ಕಳದಂಥ ತಗ್ಗು.
ಎಮ್ಮಿ ಮೊಲಿಗೂ ಹಿಂಗಽ ಆಗಿತ್ರೀ, ಅಂದಿದ್ದಳು.

ಮಸೂರದ ಕೆಳಗೆ
ನೆನೆದ ಕಡಲೆಯಂತೆ ಉಬ್ಬಿದ ಕೋಶಗಳು,
ಒಂದೊಂದರಲ್ಲೂ ನಸುಗೆಂಪು ಉಂಡೆ.
ಬಂದವನು ದೇವರಕೋಣೆಯ ಕದ ಮುಟ್ಟಿಲ್ಲ;
ಪಡಸಾಲೆಯಲ್ಲೇ ಒಲೆ ಹೂಡಿದ್ದಾನೆ.
ಕೊಣಮಿಗಿ, ಹಂಚು ತಾನೇ ತಂದವ,
ಹಿಟ್ಟು ಮಾತ್ರ ಮನೆಯದು.
ಆಮೇಲೆ ಇಟ್ಟಂಗಿಯಂಥ ಮೈ ತಳೆದು
ಮನೆಯ ನೂಲನ್ನೇ ಬಾಲವಾಗಿ ಹೊಸೆದು
ಗೋಡೆ ನೂಕಿ ಪಕ್ಕದ ಮನೆಗೆ.
(ಇಟ್ಟಂಗಿ, ಬಾಲ ನನ್ನ ಮಸೂರಕ್ಕೆ ಕಾಣವು.
ಪಟದಲ್ಲಿ ನೋಡಿದ್ದು.)

ಕುಪ್ಪಸದ ತೋಳು ಏರಿಸಿ ತೋರಿಸಿದ್ದಳು
ಎಡಗಡೆ ಎರಡು ಸವೆದ ನಾಣ್ಯ:
"ಸಾಲ್ಯಾಗ ಹಾಕಿದ್ರು. ಮತ್ತ ಇದ್ಯಾಕ ಬಂತು?"

ಏನು ಹೇಳಲಿ.
ಟಿಳಕವಾಡಿಯ ಡಿಪೋದಲ್ಲಿ
ಕರುಗಳ ಪಕ್ಕೆಯ ಮೇಲೆ ಬಿತ್ತಿ, ಕೆರೆದು,
ಶೀಸೆಗೆ ತುಂಬಿ ಕಳಿಸುತ್ತಿದ್ದ ಬೆಳೆ.
ಯಾವುದೋ ತೋಳಿನಿಂದ ಜಾರಿ
ಕೊಟ್ಟಿಗೆ ಹೊಕ್ಕಿರಬೇಕು, ಅಂತಾರೆ.
ಸಿಡುಬು ಸತ್ತಿತು.
ಕೊಲ್ಲಲು ಹೋದವ ಎಮ್ಮೆಗಳ ನಡುವೆ ಉಳಿದ,
ಕೂಲಿ ತೀರಿದರೂ ಊರು ಬಿಡದ ಆಳಿನಂತೆ.

ವರದಿಗೆ ಇದಾವುದೂ ಬೇಡ.
ನಾಲ್ಕು ಸಾಲು ಬರೆದು ಸಹಿಗೆ ಇಟ್ಟೆ.

ಹೊರಗೆ ಬೆಂಚಿನ ಮೇಲೆ ಅವಳ ಪ್ರಶ್ನೆ ಬೇರೆ:
"ಮಗಳ ಕೈಗೆ ತೊರಿ ಬಿಡವಲ್ದು ನಮ್ಮ ಚಂದ್ರಿ.
ಎಂದ ಹಿಂಡ್ಲಿ ನಾ?"
ಪಟ್ಟಿ ಸುತ್ತಿದ ಹೆಬ್ಬೆರಳು
ಬರಿಗಾಳಿಯಲ್ಲಿ ಮಡಚಿ, ಬಿಚ್ಚಿ,
ಮಡಚುತ್ತಿತ್ತು.