ಇಪ್ಪತ್ತನೇ ನಿಮಿಷ

ಮೇವಿಸ್ ಟೀಚರ್ ಪೆಟ್ಟಿಗಿ ತಂದದ್ದು ತಳ್ಳುಗಾಡಿ ಮ್ಯಾಲ.
ಬಾಳೆಹಣ್ಣಿನ ಭೀಮಶಾ ಅದನ್ನ ಗೊನಿಗಳ ನಡುವ ಮಲಗಿಸಿ
ವಾಡಿ ಜಂಕ್ಷನ್ನಿನ ಹಳಿ ದಾಟಿಸಿಕೊಂಡು ಬಂದಿದ್ದ.
"ಇಪ್ಪತ್ತು ನಿಮಿಷ ಚಲೋ ಮಾತಾಡ್ತದಪಾ,
ಆಮ್ಯಾಗ ಮುನಿಸಿಕೊಂಡವರಂಗ ಬಾಯಿ ಮುಚ್ತದ.
ಒಳಗ ಕೆಂಡ ಮಾತ್ರ ಉರೀತಿರ್ತದ."

ಬೆನ್ನಿನ ಹಲಗಿ ಬಿಚ್ಚಿದೆ.
ಐವತ್ತು ವರ್ಷದ ಸಿಮೆಂಟು ಧೂಳು,
ಒಂದು ಒಣಗಿದ ಜಿರಳೆ,
ರೈಲ್ವೆ ಇನ್‌ಸ್ಟಿಟ್ಯೂಟಿನ ಹೌಸೀ ಆಟದ ಚೀಟಿ:
ಅರವತ್ತಾರರ ಮ್ಯಾಲ ಪೆನ್ಸಿಲಿನ ಗೀಟು.
ಚೀಟಿ ಟೀಚರ್ ಕೈಯಾಗ ಕೊಟ್ಟೆ. ನೋಡಿ, ಪರ್ಸಿನ್ಯಾಗ ಇಟ್ಕೊಂಡ್ರು.

ಗೌಸ್ ಉಸ್ತಾದರು ನನಗ ಮೊದಲು ಕಲಿಸಿದ್ದು
ವಿದ್ಯಾ ಅಲ್ಲ, ಹೆದರಿಕಿ.
"ಎಡಗೈ ಜೇಬಿನ್ಯಾಗ ಇಡು ಬೇಟಾ.
ಎರಡೂ ಕೈ ಇಟ್ಟವನ ಎದಿ ಹಾದು ಹೋಗ್ತದ ಕರೆಂಟು.
ಸ್ವಿಚ್ ಆರಿಸಿದ ಮ್ಯಾಲೂ ನಂಬಬ್ಯಾಡ.
ಕೆಪಾಸಿಟರ್ ಅಂದ್ರ ಹಗೇವು ಇದ್ದಂಗ,
ಮುಚ್ಚಳ ತೆಗೆದಕೂಡ್ಲೆ ಇಳಿದಾವ ಮ್ಯಾಲ ಬರಂಗಿಲ್ಲ."

ಎಡಗೈ ಜೇಬಿನ್ಯಾಗ. ಗೋಡಿ ಗಡಿಯಾರ ನೋಡಿ ಚಾಲೂ ಮಾಡ್ದೆ.
ಐದು ವಾಲ್ವು, ಒಂದೊಂದಾಗಿ ಕೆಂಪಗಾದ್ವು.
ಟೀಚರ್ ಸ್ಟೂಲಿನ ಮ್ಯಾಲ ಕೂತು ಗಿಟಾರು ಬಾರಿಸಿದ್ರು,
ಯಾವುದೋ ಹಳೇ ವಾಲ್ಟ್ಜು,
ಮೂರು ಹೆಜ್ಜಿ, ಮೂರು ಹೆಜ್ಜಿ.
ಹತ್ತೊಂಬತ್ತಕ್ಕ ದನಿ
ಹಳಿಗುಂಟ ನಡಕೋತ ಹೋದವರ ಮಾತಿನಂಗ
ಸಣ್ಣಗಾಗಿ,
ತಿರುವಿನ್ಯಾಗ ಮರೆಯಾತು.

ವಾಲ್ವು ಬದಲಿಸಿ ನೋಡ್ದೆ. ಇಲ್ಲ.
ಸ್ಪೀಕರಿನ ತಂತಿ ಜಗ್ಗಿ ನೋಡ್ದೆ. ಅದೂ ಅಲ್ಲ.
ಮೀಟರಿನ ಮುಳ್ಳು ಮೂರನೇ ವಾಲ್ವಿಗೆ ಬಂದು ತಡೀತು:
ನೂರಾ ಎಪ್ಪತ್ತು ಇರಬೇಕಾದಲ್ಲಿ ಇನ್ನೂರಾ ಅರವತ್ತು.
ದನಿ ಸತ್ತಾಗ ವೋಲ್ಟು ಏರ್ತದ.
ಉಣ್ಣೋರು ಬರಲಾರದ ಮನಿಯಾಗ
ರೊಟ್ಟಿ ಬುಟ್ಟಿ ತುಂಬೇ ಉಳಿದಂಗ.

ಅಷ್ಟರಾಗ ಕಲ್ಲಿದ್ದಲಿನ ಗೂಡ್ಸ್ ಬಂತು.
ಕಪಾಟಿನ್ಯಾಗ ಸ್ಕ್ರೂ ಡಬ್ಬಿ ನಡುಗಿದ್ವು,
ಚಹಾದ ಕಪ್ಪು ಬಸಿಯೊಳಗ ಕುಣೀತು,
ಸ್ಪೀಕರು ಒಮ್ಮೆ ಕೆಮ್ಮಿ
ಟೀಚರ್ ಮೀಟಿದ ತಂತಿಯನ್ನ ಅಂಗಡಿ ತುಂಬ ಚೆಲ್ತು!
ಐವತ್ತೆಂಟು ಡಬ್ಬಿ ದಾಟೂತನ ಹಾಡು.
ಗಾರ್ಡಿನ ಡಬ್ಬಿ ಹೋದಮ್ಯಾಲ ಮತ್ತ ಏನೂ ಇಲ್ಲ.

"ಅದು ನನಗ ಗೊತ್ತದ," ಅಂದ್ರು ಟೀಚರ್.
"ಇನ್‌ಸ್ಟಿಟ್ಯೂಟಿನ್ಯಾಗೂ ಹಿಂಗೇ ಆಗ್ತಿತ್ತು.
ಮುಂದಿನ ರೈಲು ಬರೂತನ
ಜೋಡಿಗಳು ಸೊಂಟಕ್ಕ ಕೈ ಹಚ್ಚಿಕೊಂಡೇ ನಿಂದರ್ತಿದ್ವು.
ಎರಡು ಮದಿವಿ ಹಂಗೇ ಕೂಡಿ ಬಂದಾವ."

ಒಣ ಜೋಳದ ದಂಟು ತಗೊಂಡೆ. ಕರೆಂಟು ಅದಕ್ಕ ಹತ್ತಂಗಿಲ್ಲ.
ಒಂದೊಂದು ಬೆಸುಗಿ ಮುಟ್ಟಿ ಮುಟ್ಟಿ ಕೇಳಿದೆ,
ಇಲ್ಲೇನು, ಇಲ್ಲೇನು.
ಮೂರನೇ ವಾಲ್ವಿನ ಎಂಟನೇ ಕಾಲು
ಚುರುಕ್ ಅಂತು.
ಕಾಲು ಹಿಡಿಯೋ ತಗಡು ಬಾಯಿ ಬಿಟ್ಟಿತ್ತು, ಅಷ್ಟೇ.
ತಂಪಿದ್ದಾಗ ಕಚ್ಚಿ ಹಿಡೀತದ,
ಕಾದಾಗ ಬಿಡ್ತದ,
ನೆಲ ನಡುಗಿದರ ಮತ್ತ ಹಿಡೀತದ.

ಆರಿಸಿದೆ. ಹಗೇವು ಬರಿದು ಮಾಡ್ದೆ.
ಗೋಣಿಚೀಲ ಹೊಲಿಯೋ ಸೂಜಿಯಿಂದ ತಗಡಿನ ತುಟಿ ಕೂಡಿಸಿ,
ಸ್ಪಿರಿಟಿನಿಂದ ಒರೆಸಿ, ವಾಲ್ವು ಒತ್ತಿ ಕೂಡ್ರಿಸಿದೆ.

ಹತ್ತೊಂಬತ್ತು. ಇಪ್ಪತ್ತು.
ಇಪ್ಪತ್ತೊಂದು ದಾಟಿದರೂ ಪೆಟ್ಟಿಗಿ ನಿಂದರಲಿಲ್ಲ.
ನಿಂತದ್ದು ಟೀಚರ್ ಬೆರಳು.
ಗೆಣ್ಣು ಶುಂಠಿ ಬೇರಿನಂಗ ಬಾತಿದ್ವು.
ಎಡಗೈ ಬಿಚ್ಚಿ ಮಡಚಿ, ಬಿಚ್ಚಿ ಮಡಚಿ,
"ಹತ್ತು ವರ್ಷಾತು, ನಾನೂ ಅಲ್ಲೇ ನಿಂದರ್ತೀನಿ," ಅಂದ್ರು.
"ಹೆಸರು ಪೆಟ್ಟಿಗಿಗಿ ಹೋಗ್ತಿತ್ತು."

"ಬೇಕಂದ್ರ ಮತ್ತ ಸಡಿಲ ಮಾಡಿ ಕೊಡ್ತೀನ್ರೀ," ಅಂದೆ.
ನಗ್ತಾರ ಅಂದ್ಕೊಂಡಿದ್ದೆ.
ಲೆಕ್ಕ ಹಾಕವರಂಗ ಪೆಟ್ಟಿಗಿ ನೋಡ್ಕೋತ ಕೂತ್ರು.
ಸ್ಪೀಕರಿನೊಳಗ ಬರೀ ಗುಂಯ್ ಅನ್ನೋ ಸಪ್ಪಳ,
ಬಾರಿಸೋರಿಗಾಗಿ ಕಾಯೋ ಸಪ್ಪಳ.

ಹೊರಗ ಭೀಮಶಾ ಬಾಳೆಹಣ್ಣಿನ ಮ್ಯಾಲಿನ ನೊಣ ಹೊಡಕೋತ ನಿಂತಿದ್ದ.
ಆರಿಸ್ಲೇನು ಅಂತ ನಾ ಕೇಳಲಿಲ್ಲ.
ಕೆಲಸ ಮುಗಿದಿತ್ತು,
ಎಡಗೈ ಇನ್ನೂ ಜೇಬಿನ್ಯಾಗೇ ಇತ್ತು.